ಎಡಗೈಗೊಂದು ಬಾಣಂತನ

ಮೊದಲು ಗೊತ್ತಾಗಿದ್ದು ಶಿವದಾರ ಸರಿ ಮಾಡಿಕೊಳ್ಳುವಾಗ.

ಬೆಳಿಗ್ಗೆ ಸ್ನಾನ ಮುಗಿಸಿ ಪೂಜೆಗೆ ಕೂತಿದ್ದೆ. ಎದೆಯ ಮೇಲೆ ತೂಗುವ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆಯಬೇಕು. ಕರಡಿಗೆ ಕಟ್ಟಿದ ದಾರ ಎಡಕ್ಕೆ ಸರಿದಿತ್ತು. ಎಳೆದುಕೊಂಡೆ. ಬೆರಳಿಗೆ ಏನೋ ಗಟ್ಟಿಯಾಗಿ ತಗುಲಿತು. ಕಂಕುಳಿಗೆ ಹತ್ತಿರ. ಕಡಲೆಕಾಳಿಗಿಂತ ದೊಡ್ಡದು. ನೋವಿಲ್ಲ. ಒತ್ತಿದರೆ ಜರುಗಲೂ ಇಲ್ಲ.

ನೋವಿಲ್ಲವಲ್ಲ, ಏನಿರುತ್ತದೆ ಎಂದುಕೊಂಡು ಮೂರು ವಾರ ಯಾರಿಗೂ ಹೇಳದೆ ಸುಮ್ಮನಿದ್ದೆ. ಈಗ ನೆನೆಸಿಕೊಂಡರೆ ನನಗೇ ಎರಡು ಬಾರಿಸಬೇಕು ಅನ್ನಿಸುತ್ತದೆ.

ಆಮೇಲೆ ಮ್ಯಾಮೊಗ್ರಾಮ್. ಆಮೇಲೆ ಬಯಾಪ್ಸಿ. ಆಮೇಲೆ ಡಾಕ್ಟರ್ ಎದುರಿನ ಎರಡು ಕುರ್ಚಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ನಮ್ಮ ಯಜಮಾನರು ರುದ್ರಪ್ಪ. ಡಾಕ್ಟರ್ ರಿಪೋರ್ಟ್ ತಿರುಗಿಸಿ ನಮ್ಮ ಕಡೆ ಇಟ್ಟರು. ಅದರಲ್ಲಿದ್ದ ಇಂಗ್ಲಿಷ್ ಓದುವ ಅಗತ್ಯವೇನೂ ಇರಲಿಲ್ಲ. ಅವರ ಮುಖ ನೋಡಿದರೆ ಸಾಕಿತ್ತು.

ನನ್ನ ಹೆಸರು ಸರ್ವಮಂಗಳ. ವಯಸ್ಸು ಐವತ್ನಾಲ್ಕು. ಇಟ್ಟಮಡುವಿನಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ, ಅದರ ಮೇಲೆಯೇ ಮನೆ. ಒಬ್ಬಳೇ ಮಗಳು, ಮೈಸೂರಿನಲ್ಲಿ ಅವಳ ಸಂಸಾರ. ಮೂವತ್ತು ವರ್ಷ ಅಡುಗೆ ಮನೆಗೂ ಕೆಳಗಿನ ಅಂಗಡಿಗೂ ಮೆಟ್ಟಿಲು ಹತ್ತಿ ಇಳಿದವಳು ನಾನು. ಒಂದು ದಿನವೂ ಮಧ್ಯಾಹ್ನ ಮಲಗಿದ್ದು ನೆನಪಿಲ್ಲ. ಇಂಥ ನನ್ನನ್ನು ಈ ಕಾಯಿಲೆ ಒಂದು ವರ್ಷದಿಂದ ಮಲಗಿಸಿ, ಎಬ್ಬಿಸಿ, ಮತ್ತೆ ಮಲಗಿಸಿದೆ.

ಮೊದಲು ಕೀಮೋ ಕೊಟ್ಟರು. ಕೂದಲು ಹೋಯಿತು. ಹುಬ್ಬು ಹೋಯಿತು. ನಾಲಿಗೆಗೆ ಉಪ್ಪಿನಕಾಯಿಯೂ ಸಪ್ಪೆ, ಹಾಲೂ ಕಹಿ. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಬರೆಯುವುದಿಲ್ಲ. ನನ್ನ ತಕರಾರು ಇರುವುದು ಆಮೇಲೆ ನಡೆದದ್ದರ ಬಗ್ಗೆ. ಕೀಮೋ ಮುಗಿದ ಮೇಲೆ ಎಡಗಡೆಯ ಎದೆಯನ್ನೂ, ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಅಲ್ಲಿಂದ ಶುರುವಾಯಿತು ನನ್ನ ಎಡಗೈಯ ಕಥೆ.

ಆಪರೇಷನ್ ಆದ ಮಾರನೇ ದಿನವೇ ಫಿಸಿಯೋಥೆರಪಿಯವಳು ಬಂದಳು. ಭಾಗ್ಯಶ್ರೀ. ಬಾಗಲಕೋಟೆ ಕಡೆಯ ಹುಡುಗಿ, ಬಿಟಿಎಂನಲ್ಲಿ ಇನ್ನಿಬ್ಬರ ಜೊತೆ ಬಾಡಿಗೆಗಿದ್ದಾಳೆ. ನನ್ನ ಪಕ್ಕದಲ್ಲಿ ಡ್ರೈನ್ ಬಾಟಲಿ ನೇತಾಡುತ್ತಿದೆ, ಒಳಗೆ ಕೆಂಪು ನೀರು. ಅವಳಿಗೆ ಅದು ಲೆಕ್ಕಕ್ಕೇ ಇಲ್ಲ.

"ಆಂಟಿ, ಎದ್ದ್ ಕುಂಡ್ರಿ. ಕೈ ಮುಷ್ಟಿ ಮಾಡ್ರಿ, ಬಿಡ್ರಿ. ಹಾಂ, ಹಂಗ. ಇವತ್ತಿಂದನ ಶುರು."

ಆರು ಚಿತ್ರವಿದ್ದ ಒಂದು ಹಾಳೆ ಕೊಟ್ಟಳು. ಡ್ರೈನ್ ತೆಗೆಯುವವರೆಗೆ ಭುಜದ ಮಟ್ಟ ಸಾಕು. ತೆಗೆದ ಮೇಲೆ ದಿನಾ ಮೂರು ಸಲ ಮನೆಯಲ್ಲೇ ಮಾಡಬೇಕು. ಗೋಡೆಯ ಮೇಲೆ ಬೆರಳು ಹತ್ತಿಸುವುದು, ಮಲಗಿಕೊಂಡು ಎರಡೂ ಕೈಯಲ್ಲಿ ಕೋಲು ಹಿಡಿದು ತಲೆಯ ಹಿಂದಕ್ಕೆ ಒಯ್ಯುವುದು, ಹೀಗೆ. ಆಮೇಲೆ ಅವಳು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ಮುಂದ ರೇಡಿಯೇಷನ್ ಐತ್ರಿ ನಿಮಗ. ಆ ಟೇಬಲ್ ಮ್ಯಾಲೆ ಕೈ ಹಿಂಗ ತಲೀ ಮ್ಯಾಲೆ ಇಟ್ಕೊಂಡು ಮಲಗಬೇಕು. ಕೈ ಹೋಗಲಿಲ್ಲಂದ್ರ ರೇಡಿಯೇಷನ್ ಕೊಡಾಕ ಬರೂದಿಲ್ರಿ. ಅಂಕಲ್, ನೀವೂ ಕೇಳಿಸ್ಕೊಂಡ್ರಲ್ಲ?"

"ಆಯ್ತಮ್ಮಾ" ಎಂದರು ಯಜಮಾನರು. ನಾನೂ ತಲೆಯಾಡಿಸಿದೆ. ಹಾಳೆ ಮಡಿಚಿ ಬ್ಯಾಗಿಗೆ ಹಾಕಿದೆವು.

ಮನೆಗೆ ಬಂದರೆ ಬಾಗಿಲಲ್ಲೇ ನಾದಿನಿ ಪುಷ್ಪ ನಿಂತಿದ್ದಳು. ಯಜಮಾನರ ತಂಗಿ. ಅರವತ್ತಕ್ಕೆ ಒಂದು ಕಡಿಮೆ. ತ್ಯಾಗರಾಜನಗರದಲ್ಲಿ ಮನೆ, ಆಟೋ ಹತ್ತಿದರೆ ಹತ್ತು ನಿಮಿಷಕ್ಕೆ ಇಲ್ಲಿರುತ್ತಾಳೆ. ನಮ್ಮ ಮನೆತನದಲ್ಲಿ ಯಾರು ಹೆತ್ತರೂ ಬಾಣಂತನ ಪುಷ್ಪನದೇ. ನನ್ನದನ್ನೂ ಅವಳೇ ಮಾಡಿದ್ದು, ನನ್ನ ಮಗಳದ್ದನ್ನೂ ಅವಳೇ. ಎರೆಯುವುದು, ಕಟ್ಟುವುದು, ಖಾರ ತಿನ್ನಿಸುವುದು, ಹೊಗೆ ಹಾಕುವುದು, ಯಾವುದರಲ್ಲೂ ಅವಳ ಮಾತಿಗೆ ಎದುರಿಲ್ಲ. ಈಗ ನನ್ನನ್ನು ಮಂಚಕ್ಕೆ ಮಲಗಿಸಿ, ದಿಂಬು ಸರಿ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹೊಟ್ಟೆ ಕುಯ್ದ್ರೇನು, ಎದೆ ಕುಯ್ದ್ರೇನು ಅತ್ತಿಗೆ? ಹಸಿ ಮೈ ಹಸಿ ಮೈಯೇ. ಒಂದೂವರೆ ತಿಂಗ್ಳು ನನ್ ಕೈಗ್ ಬಿಟ್ಬಿಡಿ."

ಬಿಟ್ಟೆ. ಅದೇ ನಾನು ಮಾಡಿದ ತಪ್ಪು.

ಕಿವಿಗೆ ಹತ್ತಿ ಬಂತು. ಅದರ ಮೇಲೆ ಸ್ಕಾರ್ಫ್ ಬಂತು. ಏಪ್ರಿಲ್ ಬಿಸಿಲಿನಲ್ಲಿ ಫ್ಯಾನ್ ಬಂದ್. ಬೆಳ್ಳುಳ್ಳಿ ಮೆಣಸಿನ ಸಾರು ಎರಡು ಹೊತ್ತು, ಕಾದು ಆರಿದ ನೀರು ಲೋಟದಲ್ಲಿ ಎಣಿಸಿ. ಅಂಟಿನುಂಡೆ ಒಂದು ಡಬ್ಬಿ ತುಂಬ ಕಟ್ಟಿದಳು. ಒಂದು ದಿನ ಕೆಂಡ ತಂದು ಸಾಂಬ್ರಾಣಿ ಹಾಕಿ ನನ್ನ ತಲೆಗೆ ಹೊಗೆ ಹಿಡಿದಳು. ಬಾಣಂತಿಯ ಕೂದಲು ಒಣಗಲಿ ಎಂದು ಹಿಡಿಯುವ ಹೊಗೆ ಅದು. ನನ್ನ ತಲೆಯಲ್ಲಿ ಆಗ ಒಂದು ಕೂದಲೂ ಇರಲಿಲ್ಲ.

"ಏನನ್ನ ಒಣಗಿಸ್ತಿದ್ದೀಯಾ ಪುಷ್ಪಾ?" ಎಂದೆ.

"ಅಭ್ಯಾಸ ಅತ್ತಿಗೆ. ಸುಮ್ನಿರಿ, ಒಳ್ಳೇದು."

ಇದೆಲ್ಲ ಸಹಿಸಬಹುದು. ಆದರೆ ಬಾಣಂತಿ ಕೈ ಮೇಲೆತ್ತಬಾರದು ಎಂಬುದೊಂದಿದೆ ಅವಳ ಶಾಸ್ತ್ರದಲ್ಲಿ. ಹಸಿ ಮೈಯಲ್ಲಿ ಕೈ ಎತ್ತಿದರೆ ನರ ಎಳೆದುಕೊಳ್ಳುತ್ತದಂತೆ, ಮುದುಕಿಯಾದ ಮೇಲೆ ಕಾಡುತ್ತದಂತೆ. ನಾನು ನೈಟಿಯ ಗುಂಡಿ ಹಾಕಲು ಕೈ ಎತ್ತಿದರೂ "ಅಯ್ಯೋ ಅತ್ತಿಗೆ!" ಎಂದು ಓಡಿ ಬರುತ್ತಿದ್ದಳು. ಡ್ರೈನ್ ತೆಗೆದು ಹೊಲಿಗೆ ಬಿಚ್ಚಿದ ಮೇಲೂ ಅಷ್ಟೇ.

ಇನ್ನು ನಮ್ಮ ಯಜಮಾನರು. ಬಾಯಿಂದ ಪ್ರೀತಿಯ ಮಾತು ಬರುವ ಜನ ಅಲ್ಲ. ಅವರಿಗೆ ಬರುವುದು ಡ್ರಿಲ್ಲಿಂಗ್ ಮಷೀನ್ ಒಂದೇ. ಕೆಳಗೆ ಅಂಗಡಿಯಿಂದ ಅದನ್ನು ತಂದು ಒಂದು ಭಾನುವಾರ ಬೆಳಿಗ್ಗೆಯಿಂದ ಗುಯ್ಯೆನ್ನಿಸಿದರು. ಅಡುಗೆ ಮನೆಯ ಮೇಲಿನ ಶೆಲ್ಫ್ ಕೆಳಗಿಳಿಯಿತು. ಕಾಫಿಪುಡಿ, ಬೇಳೆ, ಸಾರಿನಪುಡಿ ಡಬ್ಬಿಗಳೆಲ್ಲ ಸೊಂಟದ ಮಟ್ಟಕ್ಕೆ ಬಂದವು. ಟವೆಲ್ ಹಾಕುವ ಕೊಕ್ಕೆ ಇಳಿಯಿತು, ಕನ್ನಡಿ ಇಳಿಯಿತು. ಬಟ್ಟೆ ಒಣಗಿಸಲು ಚಾವಣಿಗೆ ಹಗ್ಗ ರಾಟೆ ಹಾಕಿ ಕಟ್ಟಿದ್ದ ಹ್ಯಾಂಗರ್ ಬಿಚ್ಚಿ, ನೆಲದ ಮೇಲೆ ನಿಲ್ಲುವ ಸ್ಟ್ಯಾಂಡ್ ತಂದಿಟ್ಟರು. ಕೊನೆಗೆ ಪೂಜೆಗೊಂದು ಉಪಾಯ ಹುಡುಕಿದರು. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಕಣ್ಣಿನ ಮಟ್ಟಕ್ಕೆ ಹಿಡಿದು ಪೂಜಿಸಬೇಕು. ಹೆತ್ತ ದಿನವೂ, ಕಾಯಿಲೆ ಬಿದ್ದ ದಿನವೂ ಬಿಡುವಂತಿಲ್ಲ, ಸೂತಕ ಮೈಲಿಗೆ ಎಂಬುದು ನಮಗಿಲ್ಲ. ನನ್ನ ಎಡಗೈ ದಣಿಯಬಾರದೆಂದು ಪ್ಲೈವುಡ್ ತುಂಡು ಕತ್ತರಿಸಿ, ಮೇಲೆ ಸ್ಪಂಜು ಅಂಟಿಸಿ, ಮೊಣಕೈ ಊರಲು ಒಂದು ಪುಟ್ಟ ಸ್ಟ್ಯಾಂಡ್ ಮಾಡಿದರು. ಅದಕ್ಕೆ ವಾರ್ನಿಷ್ ಬೇರೆ.

ಹೀಗೆ ಒಂದು ವಾರದೊಳಗೆ ನಮ್ಮ ಮನೆಯಲ್ಲಿ ನನ್ನ ಭುಜಕ್ಕಿಂತ ಮೇಲೆ ಒಂದು ವಸ್ತುವೂ ಉಳಿಯಲಿಲ್ಲ.

ನೋಡಲು ಬಂದವರೋ, ಒಬ್ಬರಿಗಿಂತ ಒಬ್ಬರು. ಸೇಬು, ದಾಳಿಂಬೆ, ಎಳನೀರು ಹಿಡಿದು ಬರುವುದು, ಮಂಚದ ತುದಿಯಲ್ಲಿ ಕೂರುವುದು, "ರೆಸ್ಟ್ ತಗೊಳ್ಳಿ ಮಂಗಳಕ್ಕ, ಚೆನ್ನಾಗ್ ರೆಸ್ಟ್ ತಗೊಳ್ಳಿ" ಎನ್ನುವುದು. ಕಾಫಿ ಕುಡಿದು ಹೋಗುವುದು. ರೆಸ್ಟ್, ರೆಸ್ಟ್, ರೆಸ್ಟ್. ಕೇಳಿ ಕೇಳಿ ತಲೆ ಚಿಟ್ಟು ಹಿಡಿಯಿತು. ಒಬ್ಬರಾದರೂ "ಕೈ ಎಷ್ಟು ಮೇಲೆ ಹೋಗುತ್ತೆ?" ಎಂದು ಕೇಳಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

ಆದರೆ ನಿಜ ಹೇಳಬೇಕು. ಎಲ್ಲವನ್ನೂ ಪುಷ್ಪನ ತಲೆಗೆ ಕಟ್ಟಿದರೆ ಶಿವ ಮೆಚ್ಚುವುದಿಲ್ಲ. ಹಾಳೆ ಎಲ್ಲಿ ಎಂದು ನಾನೂ ಹುಡುಕಲಿಲ್ಲ. ಕೈ ಸ್ವಲ್ಪ ಎತ್ತಿದರೆ ಕಂಕುಳಿನಿಂದ ಮೊಣಕೈವರೆಗೆ ತಂತಿ ಬಿಗಿದಂತೆ ಎಳೆಯುತ್ತಿತ್ತು, ಹೊಲಿಗೆ ಬಾಯಿ ಬಿಟ್ಟೀತು ಎಂದು ಹೆದರಿಕೆ. ಕೈ ಎತ್ತಿದರೆ ಎದೆಯ ಆ ಸಪಾಟು ಜಾಗ ಕಾಣುತ್ತಿತ್ತು, ಅದನ್ನು ನೋಡುವುದು ನನಗೆ ಬೇಕಿರಲಿಲ್ಲ. ಜೊತೆಗೆ, ಮೂವತ್ತು ವರ್ಷ ಎಲ್ಲರಿಗೂ ಬಡಿಸಿದವಳಿಗೆ ಮಂಚಕ್ಕೆ ತಟ್ಟೆ ಬರುತ್ತಿತ್ತು. ಹಿತವಾಗಿಯೇ ಇತ್ತು. ನಾಳೆಯಿಂದ ಮಾಡಿದರಾಯಿತು ಎಂದು ದಿನಾ ಅಂದುಕೊಳ್ಳುತ್ತಿದ್ದೆ.

ಐದು ವಾರ ಕಳೆಯಿತು.

ರೇಡಿಯೇಷನ್‌ಗೆ ಮೊದಲು ಸಿಮ್ಯುಲೇಷನ್ ಎಂದೊಂದು ಇರುತ್ತದೆ. ನಿಜವಾದ ರೇಡಿಯೇಷನ್ ಅಲ್ಲ, ಅದಕ್ಕೆ ಅಳತೆ ತೆಗೆದುಕೊಳ್ಳುವ ಸ್ಕ್ಯಾನ್. ತಣ್ಣನೆಯ ಕೋಣೆ. ಕಿರಿದಾದ ಟೇಬಲ್. ಮಲಗಿದೆ. ತಲೆಯ ಹಿಂದೆ ಕೈ ಇಡಲು ಒಂದು ಹಿಡಿಕೆ ಇತ್ತು.

"ಎಡಗೈ ಮೇಲಕ್ಕೆ ತಗೊಂಡು ಆ ಹ್ಯಾಂಡಲ್ ಹಿಡ್ಕೊಳ್ಳಿ ಮೇಡಂ" ಎಂದರು ಟೆಕ್ನಿಷಿಯನ್.

ಎತ್ತಿದೆ. ಭುಜದ ಮಟ್ಟಕ್ಕೆ ಬಂದು ನಿಂತಿತು.

"ಇನ್ನೂ ಮೇಲೆ ಮೇಡಂ."

ಉಸಿರು ಬಿಗಿಹಿಡಿದು ಎತ್ತಿದೆ. ಜಪ್ಪಯ್ಯ ಅಂದರೂ ಹೋಗಲಿಲ್ಲ. ಅವರೇ ಮೆತ್ತಗೆ ಹಿಡಿದು ತಳ್ಳಿದರು. ನಾನು ಕಿರುಚಿದ್ದು ಹೊರಗೆ ಕೂತವರಿಗೆಲ್ಲ ಕೇಳಿಸಿರಬೇಕು. ರೇಡಿಯೇಷನ್ ಡಾಕ್ಟರ್ ಬಂದರು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕಂಕುಳು ಮುಟ್ಟಿ ನೋಡಿದರು.

"ಎಕ್ಸರ್‌ಸೈಸ್ ಮಾಡ್ತಿದೀರಾ ಅಮ್ಮಾ?"

ನಾನು ಬಾಯಿ ಬಿಡುವ ಮೊದಲೇ ಬಾಗಿಲಲ್ಲಿದ್ದ ಯಜಮಾನರು ಹೆಮ್ಮೆಯಿಂದ ಹೇಳಿದರು: "ಇಲ್ಲ ಮೇಡಂ, ತುಂಬಾ ಜೋಪಾನವಾಗ್ ನೋಡ್ಕೊಂಡಿದೀವಿ. ಒಂದ್ ಲೋಟ ಎತ್ತೋಕೂ ಬಿಟ್ಟಿಲ್ಲ."

ಡಾಕ್ಟರ್ ಅವರ ಕಡೆ ತಿರುಗಿದರು.

"ಅದಕ್ಕೇ ಹೀಗಾಗಿರೋದು ಸಾರ್" ಎಂದರು. "ಕೈ ಅಡ್ಡ ಇದ್ರೆ ನಾನು ರೇಡಿಯೇಷನ್ ಕೊಡೋಕಾಗಲ್ಲ. ಕೊಡೋದನ್ನ ಸುಮ್ನೆ ಮುಂದಕ್ಕೆ ತಳ್ಳೋಕೂ ಆಗಲ್ಲ. ಎರಡು ವಾರ ಟೈಮ್ ಕೊಡ್ತೀನಿ. ಅಷ್ಟರಲ್ಲಿ ಕೈ ಮೇಲಕ್ಕೆ ಬರ್ಲೇಬೇಕು."

ಹದಿನಾಲ್ಕು ದಿನ.

ಕೀಮೋ ತಡೆದುಕೊಂಡಿದ್ದೆ. ಎದೆ ಕೊಟ್ಟಿದ್ದೆ. ಈಗ ಒಂದು ಕೈ ಎತ್ತಲಾರದೆ ಅಷ್ಟೂ ನೀರಿನಲ್ಲಿ ಹೋಮವಾಗುತ್ತದೆಯೇ? ಟೇಬಲ್ಲಿನಿಂದ ಇಳಿಯುವಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದಷ್ಟು ಸಿಟ್ಟು.

ಅಲ್ಲಿಂದಲೇ ಭಾಗ್ಯಶ್ರೀಯ ಹತ್ತಿರ ಹೋದೆವು. ಅವಳು ಕೈ ಹಿಡಿದು ಎತ್ತಿ, ಇಳಿಸಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನ್ರಿ ಆಂಟಿ ಇದು? ನಾ ಕೊಟ್ಟ ಹಾಳಿ ಎಲ್ಲೈತ್ರಿ?"

"ಎಲ್ಲೋ ಇದೆಯಮ್ಮಾ."

"ಎಲ್ಲೋ ಇದ್ರ ಕೈ ಹೆಂಗ ಏಳ್ತದ್ರಿ? ಇಲ್ನೋಡ್ರಿ, ಚರ್ಮದ ಕೆಳಗ ಹಗ್ಗದಂಗ ಸಿಗ್ತದಲ್ಲ, ಇದಕ್ಕ ಕಾರ್ಡ್ ಅಂತಾರ. ಕೈ ಆಡಿಸ್ದಷ್ಟೂ ಸಡಿಲ ಆಗ್ತದ. ಸುಮ್ನ ಇಟ್ರ ಬಿಗೀತದ. ದಿನಾ ಮೂರ್ ಸಲ, ಮನ್ಯಾಗನ ಮಾಡ್ರಿ. ಒಂದಿನ ಬಿಟ್ಟು ಒಂದಿನ ನಾ ವಿಡಿಯೋ ಕಾಲ್ ಮಾಡ್ತೀನಿ. ಎಳದಂಗ ಆದ್ರ ಅಲ್ಲೇ ಹತ್ತ್ ಎಣಸ್ರಿ, ಚುಚ್ಚಿದಂಗ ಆದ್ರ ನಿಲ್ಲಸ್ರಿ. ಆಗ್ತದ್ರಿ ಆಂಟಿ, ಯಾಕ್ ಆಗೂದಿಲ್ಲ?"

ಆಟೋ ಬನಶಂಕರಿ ಬಸ್ ಸ್ಟ್ಯಾಂಡಿನ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ನಿಂತಿತು. ಯಜಮಾನರು ಮೀಟರ್ ನೋಡುತ್ತ ಕೂತರು. ನಾನು ರಸ್ತೆ ನೋಡುತ್ತ ಕೂತೆ. ಬಾಯಿ ಬಿಟ್ಟಿದ್ದರೆ ಆಟೋದವನು ಇಬ್ಬರನ್ನೂ ಅಲ್ಲೇ ಇಳಿಸುತ್ತಿದ್ದ.

ಮನೆಗೆ ಬಂದವಳೇ ಹಾಳೆ ಹುಡುಕಿದೆ. ಬ್ಯಾಗಿನಲ್ಲಿಲ್ಲ. ಫೈಲಿನಲ್ಲಿಲ್ಲ. ಕೊನೆಗೆ ಅಡುಗೆ ಮನೆಯಲ್ಲಿ, ಕೆಳಗಿಳಿದ ಶೆಲ್ಫಿನಲ್ಲಿ ಸಿಕ್ಕಿತು. ಅಂಟಿನುಂಡೆ ಡಬ್ಬಿಯ ಕೆಳಗೆ ಹಾಸಿದ್ದಳು ಪುಷ್ಪ, ತುಪ್ಪದ ಜಿಡ್ಡು ಶೆಲ್ಫಿಗೆ ಅಂಟದಿರಲಿ ಎಂದು. ಗೋಡೆಗೆ ಬೆರಳು ಹತ್ತಿಸುತ್ತಿದ್ದ ಚಿತ್ರದ ಹೆಂಗಸಿನ ಮುಖದ ಮೇಲೆ ದುಂಡಗೆ ಜಿಡ್ಡಿನ ಕಲೆ.

ನನ್ನ ಪಿತ್ತ ನೆತ್ತಿಗೇರಿತು. ಆಗಲೇ ಪುಷ್ಪ ಸಾರಿನ ಬಟ್ಟಲು ಹಿಡಿದು ಬಂದಳು.

"ಬಿಸಿ ಇರುವಾಗ್ಲೇ ಕುಡೀರಿ ಅತ್ತಿಗೆ. ಬಾಣಂತಿಗೆ..."

"ಪುಷ್ಪಾ, ನಾನು ಹೆತ್ತಿಲ್ಲ. ನನಗೆ ಕ್ಯಾನ್ಸರ್."

ಆ ಪದ ನಮ್ಮ ಮನೆಯೊಳಗೆ ಯಾರ ಬಾಯಿಂದಲೂ ಅವತ್ತಿನವರೆಗೆ ಬಂದಿರಲಿಲ್ಲ. 'ಹುಷಾರಿಲ್ಲ' ಎನ್ನುತ್ತಿದ್ದರು, 'ಆಪರೇಷನ್ ಆಗಿದೆ' ಎನ್ನುತ್ತಿದ್ದರು, ಮಗಳೂ ಫೋನಿನಲ್ಲಿ 'ಅದು' ಎನ್ನುತ್ತಿದ್ದಳು. ನಾನೂ ಅಷ್ಟೇ. ಈಗ ಅದು ಅಡುಗೆ ಮನೆಯ ಮಧ್ಯದಲ್ಲಿ ಬಂದು ನಿಂತಿತು. ಯಜಮಾನರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಾನು ನಿಲ್ಲಿಸಲಿಲ್ಲ. ಆ ಹತ್ತಿ, ಆ ಹೊಗೆ, ಆ ಡ್ರಿಲ್ಲಿಂಗ್ ಮಷೀನ್, ಎಲ್ಲರನ್ನೂ ಎಲ್ಲವನ್ನೂ ಸೇರಿಸಿ ಬೈದೆ. ಹದಿನಾಲ್ಕು ದಿನದಲ್ಲಿ ಈ ಕೈ ಏಳದಿದ್ದರೆ ನನ್ನ ಗತಿ ಏನು, ಹೇಳಿ ನೋಡೋಣ ಎಂದೆ.

ಪುಷ್ಪ ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು. ಸೆರಗು ಬಾಯಿಗೆ ಅಡ್ಡ ಹಿಡಿದಳು.

"ಇನ್ನೇನ್ ಮಾಡ್ಲಿ ಅತ್ತಿಗೆ? ನಂಗ್ ಬರೋದು ಅದೊಂದೇ" ಎಂದಳು.

ಬಟ್ಟಲು ಎತ್ತಿಕೊಂಡೆ. ಸಾರು ಕುಡಿದೆ. ಎಡಗೈಯಲ್ಲಿ ಹಿಡಿದು ಕುಡಿದೆ. ಅವಳು ತಡೆಯಲಿಲ್ಲ.

ಮಾರನೇ ದಿನ ಡ್ರಿಲ್ಲಿಂಗ್ ಮಷೀನ್ ಮತ್ತೆ ಮೇಲೆ ಬಂತು. ಶೆಲ್ಫ್ ಮೇಲೆ ಹೋಯಿತು, ಕನ್ನಡಿ ಮೇಲೆ ಹೋಯಿತು. ಗೋಡೆಯಲ್ಲಿ ಉಳಿದ ತೂತುಗಳಿಗೆ ವೈಟ್ ಸಿಮೆಂಟ್ ತುಂಬಿದರು, ಬಣ್ಣ ಹಚ್ಚಲಿಲ್ಲ, ಈಗಲೂ ಹಾಗೇ ಇವೆ. ಭಾಗ್ಯಶ್ರೀ ಹೇಳಿದಳೆಂದು ಬಾಗಿಲ ಮೇಲೊಂದು ರಾಟೆ ಕಟ್ಟಿದರು, ಮುಂಚೆ ಚಾವಣಿಯಲ್ಲಿದ್ದ ಬಟ್ಟೆ ಹ್ಯಾಂಗರಿನದೇ ರಾಟೆ, ಅದರದೇ ಹಗ್ಗ. ಒಂದು ತುದಿ ಬಲಗೈಗೆ, ಒಂದು ಎಡಗೈಗೆ. ಬಲಗೈ ಕೆಳಗೆ ಎಳೆದರೆ ಎಡಗೈ ಮೇಲೆ ಹೋಗಬೇಕು. ಅಂಗಡಿಯಲ್ಲಿ ಕಿಲೋಗಟ್ಟಲೆ ಮಾರುವ ಹಗ್ಗ ರಾಟೆ ಐದು ವಾರ ನನ್ನ ಕಾಲ ಕೆಳಗೇ ಇತ್ತಲ್ಲ, ನೆನೆದರೆ ಮೈ ಉರಿಯುತ್ತದೆ.

ಪುಷ್ಪ ಎರಡು ದಿನ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಏಳಕ್ಕೇ ಬಂದಳು. ಮುಖ ಗಂಟು. ಜಿಡ್ಡಿನ ಹಾಳೆಯನ್ನು ಟೈಲ್ಸಿಗೆ ಟೇಪ್ ಹಾಕಿ ಅಂಟಿಸಿದಳು.

"ಏಳಿ ಅತ್ತಿಗೆ. ಒಂದನೇ ಚಿತ್ರ."

ಅಲ್ಲಿಂದ ಶುರುವಾಯಿತು ನೋಡಿ ಹೊಸ ಕಾಟ. ಬಾಣಂತನದಲ್ಲಿ ಎಷ್ಟು ಕಟ್ಟುನಿಟ್ಟೋ ಇದರಲ್ಲೂ ಅಷ್ಟೇ. ಕಾಫಿಗೆ ಮೊದಲು ಒಂದು ಸಲ, ಊಟಕ್ಕೆ ಮೊದಲು ಒಂದು ಸಲ, ಸಂಜೆ ದೀಪ ಹಚ್ಚುವ ಮೊದಲು ಒಂದು ಸಲ. ಮಾಡದಿದ್ದರೆ ಕಾಫಿ ಇಲ್ಲ. ಹತ್ತು ಎಣಿಸು ಎಂದರೆ ಇವಳು ಒಂದೊಂದು ಅಂಕಿಯನ್ನೂ ಎಳೆದೆಳೆದು ಎಣಿಸುತ್ತಾಳೆ. "ಏ...ಳು" ಎಂದವಳು ಮಧ್ಯದಲ್ಲಿ ಕುಕ್ಕರ್ ಆಫ್ ಮಾಡಲು ಹೋಗುತ್ತಾಳೆ, ಬಂದು ಮತ್ತೆ ಆರರಿಂದ ಶುರು. ನಾನು ಹಲ್ಲು ಕಚ್ಚಿ ಗೋಡೆಗೆ ಬೆರಳು ಊರಿಕೊಂಡು ನಿಂತಿರುತ್ತೇನೆ. ಸಾಯಂಕಾಲ ಮಹಡಿಯ ಮೇಲೆ ಇಪ್ಪತ್ತು ನಿಮಿಷ ನಡಿಗೆ. ಮೊದಲ ದಿನ ನೀರಿನ ಟ್ಯಾಂಕಿನ ಸುತ್ತ ಆರು ಸುತ್ತಿಗೇ ಏದುಸಿರು. ಕೀಮೋ ನನ್ನ ಕಾಲಿನ ಶಕ್ತಿಯನ್ನೂ ಹೀರಿತ್ತು ಎಂಬುದು ಗೊತ್ತಾಗಿದ್ದೇ ಆಗ. ಮಲಗಿದ್ದವಳಿಗೆ ಹೇಗೆ ಗೊತ್ತಾಗಬೇಕು?

ಅಡುಗೆ ಮನೆಯ ಪಕ್ಕದ ಗೋಡೆಯಲ್ಲಿ ದಿನಾ ಬೆರಳು ಮುಟ್ಟಿದಲ್ಲಿ ಪೆನ್ಸಿಲ್ ಗೆರೆ ಎಳೆಯಬೇಕಿತ್ತು. ಮೊದಲ ಗೆರೆ ಸ್ವಿಚ್ ಬೋರ್ಡಿನ ಪಕ್ಕ. ಐದನೇ ದಿನಕ್ಕೆ ಅದರಿಂದ ಒಂದು ಗೇಣು ಮೇಲೆ. ಖುಷಿಯಾಯಿತು. ಆರನೇ ದಿನ ಅಲ್ಲೇ. ಏಳು, ಅಲ್ಲೇ. ಎಂಟು, ಅಲ್ಲಿಂದ ಅರ್ಧ ಬೆರಳು ಕೆಳಗೆ.

ಒಂಬತ್ತನೇ ದಿನ ಕೋಲು ಬಿಸಾಕಿದೆ. ಅದು ಹೋಗಿ ಡಬ್ಬಿಗಳಿಗೆ ಬಡಿದು ಸಾರಿನಪುಡಿ ನೆಲವೆಲ್ಲ ಚೆಲ್ಲಿತು.

"ಆಗಲ್ಲ. ನನ್ನಿಂದ ಆಗಲ್ಲ. ಡಾಕ್ಟರಿಗೆ ಹೇಳ್ಬಿಡಿ, ಬೇಡ ಅಂತ."

ಯಜಮಾನರು ಫೋನ್ ಹಿಡಿದು ಭಾಗ್ಯಶ್ರೀಗೆ ಮಾಡಲೋ ಮಗಳಿಗೆ ಮಾಡಲೋ ಗೊತ್ತಾಗದೆ ನಿಂತರು. ಪುಷ್ಪ ಪೊರಕೆ ತಂದಳು. ಪುಡಿ ಗುಡಿಸಿದಳು. ಕೈ ತೊಳೆದು, ಸೀದಾ ಹೋಗಿ ಆ ಗೋಡೆಯ ಮುಂದೆ ನಿಂತು, ನನಗೆ ಬೆನ್ನು ಹಾಕಿ, ತನ್ನ ಬಲಗೈಯ ಬೆರಳುಗಳನ್ನು ಗೋಡೆಗೆ ಹತ್ತಿಸತೊಡಗಿದಳು. ನನಗೆ ಇನ್ನಷ್ಟು ರೇಗಿತು. ನೆಟ್ಟಗಿರುವ ಕೈ ಇಟ್ಟುಕೊಂಡು ನನಗೆ ಮಾಡಿ ತೋರಿಸುತ್ತಾಳೆ, ನೋಡಿ!

ಬೆರಳು ಸ್ವಿಚ್ ಬೋರ್ಡ್ ದಾಟಿತು. ಇನ್ನೊಂದು ಸ್ವಲ್ಪ. ನಿಂತುಬಿಟ್ಟಿತು.

"ಹತ್ತ್ಸೇ" ಎಂದೆ.

"ಹೋಗ್ತಿಲ್ಲ ಅತ್ತಿಗೆ."

"ನಾಟಕ ಆಡ್ಬೇಡ."

"ಅಯ್ಯೋ, ಆಣೆಗೂ ಇಲ್ಲ. ಎರಡ್ ವರ್ಷದಿಂದ ಈ ಭುಜ ಹಿಡ್ಕೊಂಡಿದೆ. ಶುಗರ್ ಇರೋರಿಗೆ ಹಿಂಗಾಗುತ್ತಂತೆ. ಯಾರಿಗ್ ಹೇಳೋದು ಅಂತ ಸುಮ್ನಿದ್ದೆ."

ಎದ್ದು ಹೋಗಿ ನೋಡಿದೆ. ನಿಜವಾಗಿಯೂ ಹೋಗುತ್ತಿಲ್ಲ. ಈ ಕೈಯಲ್ಲಿ ಅವಳು ಐದು ವಾರ ನನಗೆ ಬೆನ್ನು ಉಜ್ಜಿದ್ದಾಳೆ, ಬೆಳ್ಳುಳ್ಳಿ ಕುಟ್ಟಿದ್ದಾಳೆ, ಹೊಗೆ ಹಾಕಿದ್ದಾಳೆ. ಅವಳ ಬೆರಳಿದ್ದಲ್ಲಿ ಪೆನ್ಸಿಲ್ ಗೆರೆ ಎಳೆದು 'ಪು' ಎಂದು ಬರೆದೆ. ನನ್ನ ಗೆರೆಗಿಂತ ಎರಡು ಬೆರಳು ಮೇಲಿತ್ತು.

ಎರಡು ಬೆರಳು! ಮೂವತ್ತು ವರ್ಷದಿಂದ ನನ್ನ ಸಾರಿಗೆ ಹುಳಿ ಹೆಚ್ಚು ಎನ್ನುವ ನಾದಿನಿ, ಭುಜ ಹಿಡಿದುಕೊಂಡಿರುವ ನಾದಿನಿ, ನನಗಿಂತ ಎರಡು ಬೆರಳು ಮೇಲೆ.

"ಸರಿ ನಿಂತ್ಕೊ ಆಕಡೆ" ಎಂದೆ.

ಅವತ್ತು ನನ್ನ ಗೆರೆ ಅವಳ ಗೆರೆಯನ್ನು ಮುಟ್ಟಿತು. ಕಣ್ಣಲ್ಲಿ ನೀರು ಬಂತು, ಹತ್ತು ಎಣಿಸಿದೆ, ಇಳಿಸಿದೆ. ಮಾರನೇ ದಿನ ಅವಳು ಮುಂದೆ ಹೋದಳು. ಅದರ ಮಾರನೇ ದಿನ ನಾನು. ವಿಡಿಯೋ ಕಾಲಿನಲ್ಲಿ ಭಾಗ್ಯಶ್ರೀ ಇಬ್ಬರನ್ನೂ ನೋಡಿ ನಕ್ಕಳು. "ಇವರ ಭುಜ ಬ್ಯಾರೆ ಥರ ಐತ್ರಿ. ನೀವೂ ಒಮ್ಮೆ ಬಂದು ತೋರಸ್ರಿ ಆಂಟಿ, ಹಂಗ ಸುಮ್ನ ಮಾಡಬ್ಯಾಡ್ರಿ" ಎಂದು ಪುಷ್ಪನಿಗೂ ಬೈದಳು. ಪುಷ್ಪನಿಗೆ ಯಾರೋ ಬೈದದ್ದು ಕೇಳಿ ನನಗೆ ಆದ ಸಂತೋಷ ಹೇಳತೀರದು. ಯಜಮಾನರು ಸಂಜೆ ಅಂಗಡಿಯಿಂದ ಬಂದವರೇ ಮೊದಲು ಗೋಡೆ ನೋಡುತ್ತಿದ್ದರು, ಕ್ರಿಕೆಟ್ ಸ್ಕೋರ್ ನೋಡುವ ಹಾಗೆ. ಒಂದು ದಿನ ಸದ್ದಿಲ್ಲದೆ ಇಂಚುಪಟ್ಟಿ ತಂದು ಅಳೆದದ್ದನ್ನೂ ನೋಡಿದೆ.

ಹನ್ನೆರಡನೇ ದಿನ ಕಂಕುಳಲ್ಲಿ ಏನೋ ಬಿಟ್ಟುಕೊಂಡಂತಾಯಿತು. ಹೆದರಿ ಭಾಗ್ಯಶ್ರೀಗೆ ಫೋನ್ ಮಾಡಿದೆ. ಕೈ ಊದಿದೆಯೇ, ಕೆಂಪಾಗಿದೆಯೇ, ಜ್ವರವಿದೆಯೇ ಎಂದೆಲ್ಲ ಕೇಳಿದಳು. ಯಾವುದೂ ಇರಲಿಲ್ಲ. ಕಾರ್ಡ್ ಸಡಿಲವಾಗಿರಬೇಕು, ಹೆದರಬೇಡಿ, ನಾಳೆ ಬಂದು ತೋರಿಸಿ ಎಂದಳು. ಗೋಡೆಗೆ ಹೋದೆ. ಕ್ಯಾಲೆಂಡರಿನ ಮೊಳೆ ಸಿಕ್ಕಿತು ಬೆರಳಿಗೆ.

ಹದಿನಾಲ್ಕನೇ ದಿನ ಅದೇ ತಣ್ಣನೆಯ ಕೋಣೆ, ಅದೇ ಟೇಬಲ್. ಹೊರಗೆ ಕುರ್ಚಿಯಲ್ಲಿ ಯಜಮಾನರು, ಪಕ್ಕದಲ್ಲಿ ಪುಷ್ಪ.

"ಎಡಗೈ ಮೇಲಕ್ಕೆ ಮೇಡಂ."

ಎತ್ತಿದೆ. ಭುಜ ದಾಟಿತು. ಕಿವಿ ದಾಟಿತು. ಎಳೆಯಿತು, ಅಲ್ಲೇ ನಿಲ್ಲಿಸಿ ಮನಸ್ಸಿನಲ್ಲಿ ಎಣಿಸಿದೆ, ಪುಷ್ಪನ ಹಾಗೆ ಎಳೆದೆಳೆದು. ಏಳಕ್ಕೆ ಬೆರಳಿಗೆ ಹಿಡಿಕೆ ಸಿಕ್ಕಿತು.

ಡಾಕ್ಟರ್ ಬಂದು ನೋಡಿದರು. "ಪೂರ್ತಿ ನೇರ ಇಲ್ಲ. ಆದ್ರೆ ಸಾಕು ನಂಗೆ. ಹೀಗೇ ಇರಿ. ಈಗ ಅಲ್ಲಾಡ್ಬೇಡಿ."

ಎರಡು ವಾರ ಆಡಿಸು ಆಡಿಸು ಎಂದು ಪ್ರಾಣ ತಿಂದು ಈಗ ಅಲ್ಲಾಡಬೇಡಿ ಅಂತೆ. ನಗು ಬಂತು, ನಗಲೂ ಆಗುವುದಿಲ್ಲ, ಎದೆ ಅಲ್ಲಾಡುತ್ತದೆ. ತುಟಿ ಕಚ್ಚಿ ಮಲಗಿದೆ. ಮೇಲೆ ಯಂತ್ರ ಸುತ್ತುತ್ತಿತ್ತು.

ರೇಡಿಯೇಷನ್ ಮೂರು ವಾರ ನಡೆಯಿತು. ಮುಗಿದು ಈಗ ಒಂದು ತಿಂಗಳು. ಚರ್ಮ ಕಪ್ಪಾಗಿದೆ, ಉದುರುತ್ತಿದೆ. ಮಾತ್ರೆ ವರ್ಷಗಟ್ಟಲೆ ನುಂಗಬೇಕು, ಚೆಕಪ್‌ಗೆ ಹೋಗುತ್ತಲೇ ಇರಬೇಕು. ಎಡಗೈ ಊದದಂತೆ ನೋಡಿಕೊಳ್ಳಬೇಕು. ಎಲ್ಲ ಗೆದ್ದುಬಿಟ್ಟೆ ಎಂದು ನಾನು ಹೇಳುವುದಿಲ್ಲ, ನನಗೆ ಗೊತ್ತಿಲ್ಲ, ಡಾಕ್ಟರೂ ಹೇಳುವುದಿಲ್ಲ. ದಿನಾ ಬೆಳಿಗ್ಗೆ ಏಳಕ್ಕೆ ಪುಷ್ಪನ ಫೋನ್ ಬರುತ್ತದೆ: "ಅತ್ತಿಗೆ, ಗೋಡೆ ಹತ್ತಿದ್ರಾ?" ನಾನು ಕೇಳುತ್ತೇನೆ: "ನೀನು?" ಅವಳ ಭುಜಕ್ಕೂ ಈಗ ಚಿಕಿತ್ಸೆ ನಡೆಯುತ್ತಿದೆ. ಬಂದವರು ರೆಸ್ಟ್ ಎಂದರೆ ಅವಳೇ ಎದ್ದು ಜಗಳಕ್ಕೆ ನಿಲ್ಲುತ್ತಾಳೆ. ಅವಳಿಲ್ಲದಿದ್ದರೆ ನಾನು ಆ ಸ್ಥಿತಿಗೆ ಬರುತ್ತಿರಲಿಲ್ಲ, ಅವಳಿಲ್ಲದಿದ್ದರೆ ಆ ಸ್ಥಿತಿಯಿಂದ ಹೊರಗೂ ಬರುತ್ತಿರಲಿಲ್ಲ. ಇಂಥವಳನ್ನು ಏನು ಮಾಡುವುದು ಹೇಳಿ?

ಮೊನ್ನೆ ಸೋಮವಾರ ಬೆಳಿಗ್ಗೆ ಪೂಜೆಗೆ ಕೂತೆವು. ಯಜಮಾನರು ಒಂದು ಕಡೆ, ನಾನು ಎದುರು. ಅವರು ಸುತ್ತಮುತ್ತ ನೋಡಿದರು.

"ಸ್ಟ್ಯಾಂಡ್ ಎಲ್ಲಿ ಮಂಗಳಾ?"

"ಪುಷ್ಪಂಗೆ ಕೊಟ್ಟೆ. ಮೊಬೈಲ್ ಇಟ್ಕೊಂಡು ಸೀರಿಯಲ್ ನೋಡ್ತಾಳೆ."

"ವಾರ್ನಿಷ್ ಎಲ್ಲ ಹಾಕಿದ್ದೆ" ಎಂದರು ಮೆಲ್ಲಗೆ.

ಕರಡಿಗೆ ತೆರೆದೆ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಮೊಣಕೈ ಎಲ್ಲೂ ಊರದೆ, ಕಣ್ಣಿನ ಮಟ್ಟಕ್ಕೆ ಎತ್ತಿದೆ. ವಿಭೂತಿ ಹಚ್ಚಿದೆ, ಪತ್ರೆ ಏರಿಸಿದೆ. ಕಂಕುಳು ಎಳೆಯುತ್ತಿತ್ತು. ದೃಷ್ಟಿ ಲಿಂಗದ ಮೇಲಿರಬೇಕು, ಅಕ್ಕಪಕ್ಕ ನೋಡಬಾರದು. ಆದರೂ ಗೊತ್ತಾಯಿತು, ಎದುರಿಗಿದ್ದವರು ತಮ್ಮ ಲಿಂಗ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು.

"ರೀ, ನೋಡ್ಬೇಕಾದ್ದು ನಿಮ್ ಕೈಲಿದೆ. ಅಲ್ಲಿ ನೋಡಿ" ಎಂದು ಗದರಿದೆ.

ಮನಸ್ಸಿನಲ್ಲಿ ಹತ್ತು ಎಣಿಸಿದ ಮೇಲೂ ಕೈ ಇಳಿಸಲಿಲ್ಲ.